ಮೊದಲು ಮಡಿಲು, ಆಮೇಲೆ ಮರ

ಒಳ್ಳೆಯ ಅಕೂಸ್ಟಿಕ್ ಗಿಟಾರಿಗೆಂದು ಲಕ್ಷಗಳ ಲೆಕ್ಕದಲ್ಲಿ ದುಡ್ಡು ಕೂಡಿಟ್ಟು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದು ರೋಸ್‌ವುಡ್ಡಾ, ಮಹಾಗನಿಯಾ?’ ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಕೊನೆಯದು. ಮೊದಲು ನೋಡಬೇಕಾದ್ದು ಒಡಲಿನ ಗಾತ್ರ. ಆಮೇಲೆ ಮೇಲ್ಹಲಗೆ, ಅಂದರೆ ಟಾಪ್. ಬೆನ್ನು ಮತ್ತು ಪಕ್ಕೆಗಳ ಮರ ಇವೆರಡೂ ತೀರ್ಮಾನವಾದ ಮೇಲಿನ ಮಾತು. ಕೊಳ್ಳುವವರು ಬಹುಪಾಲು ಈ ಸಾಲನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ಬೆನ್ನಿನ ಮರಕ್ಕೆ ಬಣ್ಣವಿದೆ, ಹೊಳಪಿದೆ, ಕಥೆಯಿದೆ. ಬಿಳಿಚಿಕೊಂಡ ಮೇಲ್ಹಲಗೆಗೆ ಅದೊಂದೂ ಇಲ್ಲ. ಗಾತ್ರವಂತೂ ಕಣ್ಣೆದುರಿಗಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ.

ಉಕ್ಕಿನ ತಂತಿಯ ಗಿಟಾರುಗಳ ಗಾತ್ರದ ಲೆಕ್ಕ ಬಹುಮಟ್ಟಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಿನದು. ಜರ್ಮನಿಯ ಮಾರ್ಕ್‌ನ್ಯೂಕಿರ್ಶೆನ್‌ನಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿಗೆ ಬಂದು, ಕೆಲವೇ ವರ್ಷಗಳಲ್ಲಿ ನಜರೆತ್‌ಗೆ ಹೋಗಿ ನೆಲೆಸಿದರು. ಮಾರ್ಟಿನ್ ಕಂಪನಿ ಇವತ್ತಿಗೂ ಅಲ್ಲೇ ಇದೆ. ಅವರು ಹೆಸರಿಡುವ ಕ್ರಮ ಗೊತ್ತಿದ್ದರೆ ಅಂಗಡಿಯ ಗೋಡೆಯನ್ನು ಓದಿಕೊಂಡು ಹೋಗಬಹುದು. ಡಿ-28ರಂಥ ಹೆಸರಿನಲ್ಲಿ ಅಡ್ಡಗೆರೆಯ ಹಿಂದಿನದು ಗಾತ್ರ, ಮುಂದಿನದು ಮರ ಮತ್ತು ಅಲಂಕಾರ. 0, 00, 000 ಎಂದು ಸೊನ್ನೆ ಹೆಚ್ಚಿದಂತೆ ಒಡಲು ದೊಡ್ಡದಾಗುತ್ತದೆ. ಅದರಾಚೆಗಿನದು ಡಿ, ಅಂದರೆ ಡ್ರೆಡ್‌ನಾಟ್. ಈಗಿನ ಮಾದರಿಗಳಲ್ಲಿ 18 ಎಂದಿದ್ದರೆ ಮಹಾಗನಿಯ ಬೆನ್ನು, 28 ಎಂದಿದ್ದರೆ ರೋಸ್‌ವುಡ್ಡಿನದು.

ಡ್ರೆಡ್‌ನಾಟ್ 1916ರಲ್ಲಿ ಬಾಸ್ಟನ್ನಿನ ಆಲಿವರ್ ಡಿಟ್ಸನ್ ಕಂಪನಿಗಾಗಿ ಮಾಡಿಕೊಟ್ಟ ಮಾದರಿ. ಹೆಸರು ಆ ಕಾಲದ ಬ್ರಿಟಿಷ್ ಯುದ್ಧನೌಕೆಯದು. ಮಾರ್ಟಿನ್ ತನ್ನದೇ ಹೆಸರಿನಲ್ಲಿ ಅದನ್ನು ಹೊರತಂದದ್ದು 1931ರಲ್ಲಿ. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್‌ಗಳ ನಡುವೆ ಮೈಕ್ ಇಲ್ಲದೆ ಕೇಳಿಸಬೇಕಾದ ಬ್ಲೂಗ್ರಾಸ್ ಸಂಗೀತಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಬ್ಲೂಗ್ರಾಸ್ ವಾದಕ ಟೋನಿ ರೈಸ್ ದಶಕಗಳ ಕಾಲ ನುಡಿಸಿದ 1935ರ ಡಿ-28, ಅವರಿಗಿಂತ ಮೊದಲು ಕ್ಲಾರೆನ್ಸ್ ವೈಟ್ ಕೈಯಲ್ಲಿದ್ದದ್ದು, ಈ ಗಾತ್ರ ಏನು ಮಾಡಬಲ್ಲದು ಎಂಬುದಕ್ಕೆ ಇವತ್ತಿಗೂ ಅಳತೆಗೋಲು. ಅದನ್ನು ಕೇಳಿದವರಿಗೆ ಡ್ರೆಡ್‌ನಾಟೇ ಬೇಕು ಅನ್ನಿಸುವುದು ಸಹಜ.

ಆದರೆ ಅಳತೆ ನೋಡಿ. ಕೆಳಸುತ್ತಿನ ಅಗಲದಲ್ಲಿ 000 ಸುಮಾರು 38 ಸೆಂಟಿಮೀಟರ್, ಡ್ರೆಡ್‌ನಾಟ್ ಹತ್ತಿರ ಹತ್ತಿರ 40. ಇಷ್ಟೇನಾ ಅನ್ನಿಸುತ್ತದೆ. ನಿಜವಾದ ಅಂತರ ಇರುವುದು ಆಳದಲ್ಲಿ ಮತ್ತು ಸೊಂಟದಲ್ಲಿ. 000ರ ಆಳ ಹತ್ತೂವರೆ ಸೆಂಟಿಮೀಟರ್ ಆಸುಪಾಸು, ಡ್ರೆಡ್‌ನಾಟಿನದು ಹನ್ನೆರಡಕ್ಕೂ ಹೆಚ್ಚು. 000ಕ್ಕೆ ಒಳಸರಿದ ಸೊಂಟವಿದೆ, ತೊಡೆಯ ಮೇಲೆ ತಾನಾಗಿ ಕೂರುತ್ತದೆ. ಡ್ರೆಡ್‌ನಾಟಿಗೆ ಸೊಂಟವೇ ಇಲ್ಲವೆನ್ನುವಷ್ಟು ಕಡಿಮೆ, ಅದರ ಭುಜವೂ ಎತ್ತರ. ಅದರ ಮೇಲಿನಿಂದ ಬಲಗೈ ಹಾಯಿಸಿ ಒಂದು ಗಂಟೆ ನುಡಿಸಿದರೆ ಸಣ್ಣ ಮೈಕಟ್ಟಿನವರ ಭುಜ ನೋಯುತ್ತದೆ. ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತು ನುಡಿಸುತ್ತಾರೆ. ಹಾಗೆ ಕೂತಾಗ ಆಳದ ಒಡಲು ನುಡಿಸುವವರಿಂದ ಆಚೆಗೆ ತಳ್ಳಿಕೊಂಡು ಹೋಗುತ್ತದೆ, ಎಡಗೈ ಅದನ್ನು ಹಿಡಿದಿಟ್ಟುಕೊಳ್ಳುವ ಕೆಲಸವನ್ನೂ ಮಾಡಬೇಕಾಗುತ್ತದೆ. ನುಡಿಸಲು ಕಷ್ಟವಾದ ವಾದ್ಯವನ್ನು ಎಷ್ಟೇ ಬೆಲೆ ಕೊಟ್ಟು ತಂದರೂ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಗಾತ್ರ ನಾದವನ್ನೂ ನೇರವಾಗಿ ನಿರ್ಧರಿಸುತ್ತದೆ. ಒಡಲಿನೊಳಗಿನ ಗಾಳಿಗೆ ತನ್ನದೇ ಒಂದು ಶ್ರುತಿಯಿದೆ. ಡ್ರೆಡ್‌ನಾಟಿನಲ್ಲಿ ಅದು ಸುಮಾರು 100 ಹರ್ಟ್ಸ್ ಹತ್ತಿರ. ಆರನೆಯ ತಂತಿಯ ಮೂರನೆಯ ಮನೆಯಲ್ಲಿ ಸಿಗುವ ‘ಜಿ’ ಸ್ವರ 98 ಹರ್ಟ್ಸ್. ಎರಡೂ ಹೆಚ್ಚು ಕಡಿಮೆ ಒಂದೇ ಕಡೆ ಬಿದ್ದಾಗ ಆ ಸ್ವರ ಉಳಿದವುಗಳಿಗಿಂತ ಉಬ್ಬಿ ಮೊಳಗುತ್ತದೆ. ಜಿ ಕಾರ್ಡ್ ಹೊಡೆದೊಡನೆ ಎದೆಗೆ ತಾಗುವ ಆ ಗುಂಗು ಡ್ರೆಡ್‌ನಾಟಿನ ಸೊಗಸು. ಬೆರಳುಗಳಿಂದ ಬಿಡಿ ಬಿಡಿ ಸ್ವರ ನುಡಿಸುವಾಗ, ಅದರಲ್ಲೂ ಹತ್ತಿರ ಮೈಕ್ ಇಟ್ಟು ಧ್ವನಿಮುದ್ರಣ ಮಾಡುವಾಗ, ಅದೇ ಗುಂಗು ಮಿಕ್ಕ ತಂತಿಗಳ ಮೇಲೆ ಮುಸುಕು ಹಾಕುತ್ತದೆ. ಒಡಲು ಚಿಕ್ಕದಾದಂತೆ ಗಾಳಿಯ ಶ್ರುತಿ ಮೇಲೇರುತ್ತದೆ, ಮಂದ್ರ ತೆಳುವಾಗುತ್ತದೆ, ಆದರೆ ಆರೂ ತಂತಿಗಳು ಸಮತೂಕದಲ್ಲಿ ಮಾತಾಡುತ್ತವೆ. ಎರಿಕ್ ಕ್ಲಾಪ್ಟನ್ 1992ರ ‘ಅನ್‌ಪ್ಲಗ್ಡ್’ನಲ್ಲಿ ನುಡಿಸಿದ್ದು 1939ರ 000-42. ಜೋನ್ ಬಾಯೆಜ್ ಹಾಡಿಗೆ ಜೊತೆಯಾಗಿದ್ದದ್ದು ಇನ್ನೂ ಚಿಕ್ಕದಾದ 0-45. ಅಂಥ ತಾರದ ಕಂಠಕ್ಕೆ ಚಿಕ್ಕ ಒಡಲಿನ ಗಿಟಾರು ಅಡ್ಡಬರುವುದಿಲ್ಲ.

ಡ್ರೆಡ್‌ನಾಟ್ ಮತ್ತು 000ಗಳ ನಡುವಿನ ಜಾಗದಲ್ಲಿ ನನಗೆ ತುಂಬ ಇಷ್ಟವಾದ ಮಾದರಿಯಿದೆ, ಓಎಂ. 1929ರಲ್ಲಿ ಅಟ್ಲಾಂಟಾದ ಬ್ಯಾಂಜೊ ವಾದಕ ಪೆರಿ ಬೆಕ್ಟೆಲ್, ಕತ್ತಿನ ಮೇಲೆ ಕೈಯಾಡಿಸಲು ಇನ್ನಷ್ಟು ಜಾಗ ಬೇಕೆಂದು ಮಾರ್ಟಿನ್‌ನವರನ್ನು ಕೇಳಿದರು. ಅವರು 000ರ ಒಡಲನ್ನು ಮೇಲ್ಭಾಗದಲ್ಲಿ ಕುಗ್ಗಿಸಿ, ಹನ್ನೆರಡರ ಬದಲು ಹದಿನಾಲ್ಕು ಫ್ರೆಟ್‌ಗಳು ಒಡಲಿನಿಂದ ಹೊರಗೆ ಉಳಿಯುವ ಹಾಗೆ ಮಾಡಿಕೊಟ್ಟರು. ಇವತ್ತು ಜಗತ್ತಿನ ಬಹುಪಾಲು ಉಕ್ಕಿನ ತಂತಿಯ ಗಿಟಾರುಗಳಿಗೆ ಆ ಹದಿನಾಲ್ಕೇ ಮಾನದಂಡ. ಓಎಂನ ಒಡಲು ಈಗಿನ 000ದ್ದೇ, ತಂತಿಯ ಉದ್ದ ಮಾತ್ರ ಡ್ರೆಡ್‌ನಾಟಿನಷ್ಟು, ಸುಮಾರು 64.5 ಸೆಂಟಿಮೀಟರ್, 000ದ್ದು 63.2. ಕಡಿಮೆ ಉದ್ದದಲ್ಲಿ ತಂತಿ ಸಡಿಲ, ಬೆರಳಿಗೆ ಹಿತ, ಎಳೆದು ಸ್ವರ ಬಾಗಿಸಲು ಸುಲಭ. ಹೆಚ್ಚು ಉದ್ದದಲ್ಲಿ ಬಿಗಿ ಮತ್ತು ಸ್ಪಷ್ಟತೆ. ಹಾಡುತ್ತ ನುಡಿಸುವುದೂ ಬೇಕು, ಬೆರಳ ನುಡಿಕೆಯೂ ಬೇಕು, ಮನೆಯಲ್ಲಿರುವುದು ಒಂದೇ ಗಿಟಾರು ಎನ್ನುವವರಿಗೆ ನಾನು ಹಿಂಜರಿಯದೆ ಹೇಳುವುದು ಓಎಂ. ಸುಮಾರು 43 ಸೆಂಟಿಮೀಟರ್ ಅಗಲದ ಗಿಬ್ಸನ್ ಎಸ್‌ಜೆ-200ರಂಥ ಜಂಬೊಗಳು ವೇದಿಕೆಯ ಮೇಲೆ ನಿಂತು ಹಾಡುವವರ ವಾದ್ಯ, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಇನ್ನು ಮೇಲ್ಹಲಗೆ. ಮದ್ದಳೆಗೆ ಚರ್ಮ ಹೇಗೋ ಗಿಟಾರಿಗೆ ಇದು ಹಾಗೆ. ಸುಮಾರು ಮೂರು ಮಿಲಿಮೀಟರ್ ದಪ್ಪದ ಹಲಗೆ, ಅದರ ಮೇಲೆ ಆರು ತಂತಿಗಳ ಒಟ್ಟು ಎಳೆತ 70 ಕಿಲೋಗೂ ಹೆಚ್ಚು. ಅಷ್ಟು ಎಳೆತಕ್ಕೆ ಬಾಗದಷ್ಟು ಗಟ್ಟಿ, ಬೆರಳ ಸಣ್ಣ ಮೀಟಿಗೂ ಅದುರುವಷ್ಟು ಹಗುರ, ಎರಡೂ ಇರಬೇಕು. ತೂಕಕ್ಕೆ ಹೋಲಿಸಿದರೆ ಸ್ಪ್ರೂಸ್ ಮರದಷ್ಟು ಬಿಗಿಯಾದ ಮರಗಳು ಬಹಳ ಇಲ್ಲ, ಒಂದು ಕಾಲಕ್ಕೆ ವಿಮಾನಗಳನ್ನೂ ಅದರಿಂದಲೇ ಕಟ್ಟಿದ್ದರು. ಇವತ್ತು ಹೆಚ್ಚಾಗಿ ಬಳಸುವುದು ಅಲಾಸ್ಕಾ ಮತ್ತು ಕೆನಡಾದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್. 1940ರ ದಶಕದ ಮಧ್ಯದವರೆಗೆ ಮಾರ್ಟಿನ್ ಬಳಸುತ್ತಿದ್ದದ್ದು ಅಮೆರಿಕದ ಪೂರ್ವಭಾಗದ ಆಡಿರಾಂಡಾಕ್ ಸ್ಪ್ರೂಸ್. ದೊಡ್ಡ ಮರಗಳು ಕಡಿದು ಮುಗಿದದ್ದರಿಂದ ಅದು ನಿಂತುಹೋಯಿತು, ಈಗ ಮತ್ತೆ ಅಲ್ಪಸ್ವಲ್ಪ ಸಿಗುತ್ತಿದೆ, ಬೆಲೆಯೂ ಹೆಚ್ಚು. ಆಡಿರಾಂಡಾಕ್ ಜೋರು ಕೈಯವರಿಗೆ: ಎಷ್ಟು ಬಲವಾಗಿ ಪಿಕ್ ಬೀಸಿದರೂ ನಾದ ಒಡೆಯುವುದಿಲ್ಲ, ಆದರೆ ಮೆಲ್ಲಗೆ ಮುಟ್ಟಿದರೆ ಸ್ವಲ್ಪ ಬಿಗುಮಾನ. ಇದಕ್ಕೆ ತದ್ವಿರುದ್ಧ ಕೆಂಬಣ್ಣದ ಸೀಡರ್, ಮೃದು ಸ್ಪರ್ಶಕ್ಕೇ ಬಾಯಿಬಿಡುತ್ತದೆ, ಬೆಚ್ಚಗಿನ ನಾದ ಕೊಡುತ್ತದೆ, ಜೋರಾಗಿ ಹೊಡೆದರೆ ಒಂದು ಹಂತದ ಮೇಲೆ ಇನ್ನೇನೂ ಕೊಡುವುದಿಲ್ಲ. ಉತ್ತರ ಐರ್ಲೆಂಡಿನ ಲೋಡೆನ್ ಗಿಟಾರುಗಳ ಹೆಸರು ಬೆಳೆದದ್ದರಲ್ಲಿ ಸೀಡರಿನ ಪಾತ್ರ ದೊಡ್ಡದು. ಉಗುರಿಂದಲೋ ಬೆರಳ ತುದಿಯಿಂದಲೋ ಮಾತ್ರ ನುಡಿಸುವವರು ಸೀಡರನ್ನು ಒಮ್ಮೆ ಕೇಳದೆ ಅಂಗಡಿಯಿಂದ ಹೊರಬರಬಾರದು.

ಹಲಗೆಯ ಒಳಮೈಗೆ ಅಂಟಿಸಿದ ಪಟ್ಟಿಗಳಿವೆ. ‘ಎಕ್ಸ್’ ಆಕಾರದ ಆ ಜೋಡಣೆ ಮಾರ್ಟಿನ್ 1840ರ ದಶಕದಲ್ಲೇ ಬಳಸಿದ್ದು. ಆ ಪಟ್ಟಿಗಳನ್ನು ಎಲ್ಲಿ ಎಷ್ಟು ಕೆತ್ತಿ ತೆಳುಮಾಡುತ್ತಾರೆ ಎಂಬುದರಲ್ಲಿ ನಾದದ ಬಹುಪಾಲು ಅಡಗಿದೆ. ಭಾರದ ತಂತಿ ಹಾಕುವವರು ಹೆಚ್ಚಾದರೆಂದು 1944ರ ಕೊನೆಯಲ್ಲಿ ಕಂಪನಿ ಪಟ್ಟಿಗಳ ಒಳಕೆತ್ತನೆ ನಿಲ್ಲಿಸಿತು. 1976ರಲ್ಲಿ ಎಚ್‌ಡಿ-28 ಬಂದಾಗ ಮತ್ತೆ ಆರಂಭಿಸಿತು. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಗಿಟಾರುಗಳ ಬಗ್ಗೆ ಇರುವ ಭಕ್ತಿಗೆ ಇದು ದೊಡ್ಡ ಕಾರಣ. ಅಂಗಡಿಯವರು ಮರದ ಬಗ್ಗೆ ಮಾತಾಡುವಾಗ ಒಳಪಟ್ಟಿಗಳ ಬಗ್ಗೆ ಕೇಳಿ. ಉತ್ತರ ಬಲ್ಲವರಾದರೆ ಅವರ ಮಾತಿಗೆ ಬೆಲೆಯಿದೆ.

ಈಗ ಬೆನ್ನಿನ ಮರಕ್ಕೆ ಬರೋಣ. ಇಲ್ಲಿ ನಮ್ಮ ಸಂಬಂಧವೊಂದಿದೆ. ಹಿಂದೆ ಬೆಲೆಬಾಳುವ ಗಿಟಾರುಗಳ ಬೆನ್ನು ಬ್ರೆಜಿಲಿನ ರೋಸ್‌ವುಡ್. ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದಾಗ ಮಾರ್ಟಿನ್ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ಬದಲಾಯಿತು. ಅದು ಬೇರೆಯಲ್ಲ, ನಮ್ಮ ಪಶ್ಚಿಮಘಟ್ಟದ ಬೀಟೆ. ಮೈಸೂರಿನ ಕುಶಲಕರ್ಮಿಗಳು ಕುಸುರಿ ಕೂರಿಸುವ ಮರ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತ ಮರ. ಅಂದಿನಿಂದ ಡಿ-28ರ ಬೆನ್ನಿಗೆ ಇರುವುದು ಇದೇ. ಮೊದಮೊದಲು ಬ್ರೆಜಿಲ್ಲಿನದಕ್ಕೆ ಬದಲಿ ಎಂದು ಮೂಗು ಮುರಿದವರಿದ್ದರು. ಐದು ದಶಕ ಕಳೆದ ಮೇಲೆ, ರೋಸ್‌ವುಡ್ ಗಿಟಾರಿನ ನಾದವೆಂದು ಜಗತ್ತಿನ ಕಿವಿ ಗುರುತಿಸುವುದು ಬೀಟೆಯ ನಾದವನ್ನೇ. ನನಗೆ ಇದರಲ್ಲಿ ಹೆಮ್ಮೆಯಿದೆ. ಆ ಮರ ನಿಧಾನವಾಗಿ ಬೆಳೆಯುತ್ತದೆ, ಕಾಡಿನಲ್ಲಿ ಕಡಿಮೆಯಾಗುತ್ತಿದೆ ಎಂಬ ಕಳವಳವೂ ಇದೆ. ಬ್ರೆಜಿಲ್ಲಿನದು 1992ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಯಲ್ಲಿದೆ. ದಾಖಲೆಪತ್ರವಿಲ್ಲದ ಅಂಥ ಗಿಟಾರನ್ನು, ಅದು ಎಷ್ಟೇ ಚೆನ್ನಾಗಿರಲಿ, ಮುಟ್ಟಬೇಡಿ. 2017ರ ಆರಂಭದಿಂದ ಸುಮಾರು ಮೂರು ವರ್ಷ ಬೀಟೆಯ ಗಿಟಾರುಗಳಿಗೂ ಗಡಿ ದಾಟಲು ಪರವಾನಗಿ ಬೇಕಿತ್ತು, 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಬೀಟೆಯ ತುಂಡನ್ನು ಬೆರಳ ಗಂಟಿನಿಂದ ತಟ್ಟಿದರೆ ಕಂಚಿನ ಹಾಗೆ ಝಣ್ಣೆನ್ನುತ್ತದೆ. ಮಹಾಗನಿಯದು ಗಿಡ್ಡ, ಒಣ ಸದ್ದು. ಆದ್ದರಿಂದ ಬೀಟೆಯ ಗಿಟಾರಿನಲ್ಲಿ ಮೇಲಿನ ಅನುರಣನಗಳು ಬಹಳ ಹೊತ್ತು ತೇಲುತ್ತವೆ, ಮಹಾಗನಿಯಲ್ಲಿ ಮೂಲಸ್ವರ ನೇರವಾಗಿ ಬಂದು ಬೇಗ ಸರಿಯುತ್ತದೆ, ಮೇಪಲ್‌ನಲ್ಲಿ ಇನ್ನೂ ಚೊಕ್ಕಟ ಎನ್ನುವುದು ವಾದಕರ ಸಾಮಾನ್ಯ ಮಾತು. ಮಾತಿನಲ್ಲಿ ಸತ್ಯಾಂಶವಿದೆ. ಎಷ್ಟು ಅಂಶ ಎಂಬುದೇ ಪ್ರಶ್ನೆ. 1862ರಲ್ಲಿ ಸ್ಪೇನಿನ ಮಹಾನ್ ಗಿಟಾರ್ ತಯಾರಕ ಆಂಟೋನಿಯೊ ಡಿ ಟೋರೆಸ್, ನಾದವೆಲ್ಲ ಮೇಲ್ಹಲಗೆಯದೇ ಎಂದು ತೋರಿಸಲು ಬೆನ್ನು-ಪಕ್ಕೆಗಳನ್ನು ಕಾಗದದ ರಟ್ಟಿನಲ್ಲಿ ಮಾಡಿದ ಗಿಟಾರು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್ ಸರಕು ಸಾಗಿಸುವ ಪ್ಯಾಲೆಟ್ಟಿನ ಹಲಗೆಗಳಿಂದಲೇ ಒಂದು ಗಿಟಾರು ಕಟ್ಟಿ ತೋರಿಸಿದರು. ಇವೆರಡಕ್ಕಿಂತ ನನ್ನನ್ನು ಒಪ್ಪಿಸಿದ್ದು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ. ಇಂಗ್ಲೆಂಡಿನ ಫೈಲ್ಡ್ ಗಿಟಾರುಗಳ ರೋಜರ್ ಬಕ್‌ನಲ್ ಅದಕ್ಕಾಗಿ ಆರು ಗಿಟಾರು ಮಾಡಿಕೊಟ್ಟರು. ಎಲ್ಲಕ್ಕೂ ಸಿಟ್ಕಾ ಮೇಲ್ಹಲಗೆ, ಒಂದೇ ವಿನ್ಯಾಸ, ಬೆನ್ನು-ಪಕ್ಕೆಗಳ ಮರ ಮಾತ್ರ ಬೇರೆ: ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ತೊಡಿಸಿ, 52 ಗಿಟಾರ್ ವಾದಕರಿಂದ ನುಡಿಸಿದರು. ಆರಕ್ಕೂ ಅವರು ಕೊಟ್ಟ ಅಂಕಗಳು ಹೆಚ್ಚು ಕಡಿಮೆ ಒಂದೇ. ಕುರುಡಾಗಿ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದೂ ಕಷ್ಟವಾಯಿತು.

ಇದನ್ನು ಓದಿದ ಮೇಲೂ ನಾನು ಬೀಟೆಯನ್ನು ಪ್ರೀತಿಸುತ್ತೇನೆ, ಅದರ ಕಪ್ಪುಗೆರೆಗಳನ್ನೂ, ಕೆತ್ತುವಾಗಿನ ಸುವಾಸನೆಯನ್ನೂ. ಕಣ್ಣಿಗೆ ಒಪ್ಪಿದ ವಾದ್ಯವನ್ನು ಕೈ ಹೆಚ್ಚು ಸಲ ಎತ್ತಿಕೊಳ್ಳುತ್ತದೆ, ಆ ಕಾರಣಕ್ಕೆ ಆರಿಸಿಕೊಂಡರೆ ತಪ್ಪಿಲ್ಲ. ಆದರೆ 18ಕ್ಕೂ 28ಕ್ಕೂ ನಡುವಿನ ಬೆಲೆಯ ಅಂತರವನ್ನು ನಾದಕ್ಕಾಗಿ ಕೊಡುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ದುಡ್ಡು ಉಳಿದರೆ ಅಮೆರಿಕದ ಕಾಲಿಂಗ್ಸ್, ಸಾಂತಾ ಕ್ರೂಜ್‌ನಂಥ ಚಿಕ್ಕ ಕಾರ್ಖಾನೆಯ ಸರಳ ಮಾದರಿಯ ಕಡೆಗೆ ಒಂದು ಹೆಜ್ಜೆ ಹತ್ತಿರವಾಗಬಹುದು. ಅಲ್ಲಿ ಹಲಗೆಯ ದಪ್ಪವನ್ನು ಮರದ ತುಂಡು ತುಂಡಿಗೆ ತಕ್ಕಂತೆ ತೀರ್ಮಾನಿಸುತ್ತಾರೆ.

ಕೊಳ್ಳುವ ದಿನ ಒಂದೇ ಮಾದರಿಯ ಎರಡಾದರೂ ಗಿಟಾರು ಕೇಳಿ. ಅವಳಿಗಳೇ ಆದರೂ ಕಂಠ ಬೇರೆ ಬೇರೆ. ಹಳೆಯ ತಂತಿಯಿದ್ದರೆ ಹೊಸದು ಹಾಕಿಸಿ. ಆಮೇಲೆ ಬೇರೊಬ್ಬರ ಕೈಗೆ ಕೊಟ್ಟು ಎದುರಿಗೆ ಕೂತು ಕೇಳಿ, ಏಕೆಂದರೆ ನಾದ ಹೊರಡುವುದು ಮುಂದಕ್ಕೆ, ನುಡಿಸುವವರ ಕಿವಿಗೆ ಬೀಳುವುದು ಅದರ ಒಂದು ಪಾಲು ಮಾತ್ರ. ಕತ್ತಿನ ತುದಿಯ ಅಗಲ 43 ಮಿಲಿಮೀಟರೋ 44.5 ಮಿಲಿಮೀಟರೋ ನೋಡಿಕೊಳ್ಳಿ. ಬೆರಳ ನುಡಿಕೆಯವರಿಗೆ ಆ ಒಂದೂವರೆ ಮಿಲಿಮೀಟರು ಯಾವ ಮರಕ್ಕಿಂತಲೂ ದೊಡ್ಡ ವಿಷಯ.

ಈ ದರ್ಜೆಯ ಗಿಟಾರುಗಳಲ್ಲಿ ಪ್ಲೈವುಡ್ ಇರುವುದಿಲ್ಲ, ಎಲ್ಲವೂ ಇಡೀ ಮರ. ಅವು ಕಾರ್ಖಾನೆಯಲ್ಲಿ ಶೇಕಡಾ 45ರಿಂದ 50ರ ತೇವಾಂಶದಲ್ಲಿ ಹುಟ್ಟಿದವು. ಮಂಗಳೂರಿನ ಮಳೆಗಾಲದಲ್ಲಿ ಮೇಲ್ಹಲಗೆ ನೀರು ಹೀರಿ ಉಬ್ಬುತ್ತದೆ, ತಂತಿಗಳು ಎತ್ತರವಾಗುತ್ತವೆ, ನಾದ ಮಂಕಾಗುತ್ತದೆ. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಅದೇ ಹಲಗೆ ಒಣಗಿ ತಗ್ಗುತ್ತದೆ, ಫ್ರೆಟ್ಟುಗಳ ತುದಿ ಕತ್ತಿನ ಅಂಚಿನಿಂದ ಹೊರಚಾಚಿ ಅಂಗೈಗೆ ತರಚುತ್ತದೆ, ಅಲಕ್ಷ್ಯ ಮಾಡಿದರೆ ಮರ ಸೀಳುತ್ತದೆ. ಎಸಿ ಕೋಣೆಗಳೂ ಒಣ ಹವೆಯವೇ. ಗೋಡೆಗೆ ತೂಗುಹಾಕುವ ಆಸೆ ಬಿಟ್ಟು ಗಟ್ಟಿ ಪೆಟ್ಟಿಗೆಯಲ್ಲಿಡಿ, ಒಳಗೆ ತೇವಾಂಶ ಹಿಡಿದಿಡುವ ಪೊಟ್ಟಣಗಳ ಜೊತೆಗೆ ಒಂದು ಪುಟ್ಟ ತೇವಮಾಪಕ ಇರಲಿ, ವಾರಕ್ಕೊಮ್ಮೆ ಅದರ ಮೇಲೆ ಕಣ್ಣು ಹಾಯಿಸಿ. ಕರಾವಳಿಯವರು ಜೂನ್ ಹೊತ್ತಿಗೆ, ಬಯಲುಸೀಮೆಯವರು ಮಾರ್ಚ್ ಹೊತ್ತಿಗೆ ಪೊಟ್ಟಣಗಳನ್ನು ತಪ್ಪದೆ ಬದಲಿಸಿಕೊಳ್ಳಿ.