ಜೋಡಿ ಕಟ್ಟುವ ಕಣ್ಣು

ಶಿವನಸಮುದ್ರಕ್ಕೆ ಅನತಿದೂರದ ಬೆಳಕವಾಡಿಯಲ್ಲಾಗಲಿ, ಮಳವಳ್ಳಿ ಸೀಮೆಯ ಇನ್ನಾವ ಊರಿನಲ್ಲಾಗಲಿ ಎಂಟನೆಯ ತರಗತಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ, ಚಿಗುರುಮೀಸೆ ಮೂಡಿ, ಕಂಠವೊಡೆದು, ಹೆಗಲು ಹರಡಿಕೊಂಡ ತರುಣನೊಬ್ಬನೂ ಅವನ ಎದೆಮಟ್ಟಕ್ಕೆ ಬರುವ ಎಳೆದನಿಯ ಬಾಲಕನೊಬ್ಬನೂ ಅಕ್ಕಪಕ್ಕದಲ್ಲಿಯೇ ಕಾಣಸಿಗುವರು. ಜನ್ಮದಿನಾಂಕದ ಪ್ರಕಾರ ಇಬ್ಬರೂ ಸಮವಯಸ್ಕರು. ಆದುದರಿಂದ ಇಬ್ಬರೂ ಒಂದೇ ಗೆರೆಯಿಂದ ಓಡತಕ್ಕದ್ದು, ಒಂದೇ ಗಡಿಯಾರಕ್ಕೆ ಲೆಕ್ಕ ಒಪ್ಪಿಸತಕ್ಕದ್ದು. 14, 17, 19 ವರ್ಷದೊಳಗಿನವರೆಂದು ಶಾಲಾ ಕ್ರೀಡಾಕೂಟಗಳು ಮಾಡಿಕೊಂಡಿರುವ ವಿಭಾಗಕ್ಕೆ ಆಡಳಿತಸೌಕರ್ಯದ ಸಮರ್ಥನೆಯುಂಟು. ನ್ಯಾಯದ ಸಮರ್ಥನೆಯುಂಟೆ ಎಂಬುದೇ ವಿಚಾರಣೀಯ.

ಹುಡುಗರ ಎತ್ತರ ಅತಿವೇಗದಿಂದ ಏರುವುದು ಸರಾಸರಿ 14ರ ಸುಮಾರಿಗೆ. ಆ ಒಂದು ವರ್ಷದಲ್ಲಿ 9–10 ಸೆಂಟಿಮೀಟರು ಬೆಳೆಯುವುದು ಸಹಜ. ಆದರೆ ಒಬ್ಬನಿಗೆ 12ರಲ್ಲಿಯೇ ಬರುವ ಈ ಏರುಹೊತ್ತು ಮತ್ತೊಬ್ಬನಿಗೆ 16ರವರೆಗೂ ತಡೆಯಬಹುದು. ಎರಡೂ ಆರೋಗ್ಯದ ಎಲ್ಲೆಯೊಳಗೇ ಇರುವಂಥವು. 1955ರಲ್ಲಿ ಹದಿಹರೆಯದ ಬೆಳವಣಿಗೆಯನ್ನು ಕುರಿತು ಗ್ರಂಥ ಬರೆದ ಆಂಗ್ಲ ವೈದ್ಯ ಜೇಮ್ಸ್ ಟ್ಯಾನರ್ ಪಂಚಾಂಗದ ವಯಸ್ಸನ್ನು ಬಿಟ್ಟು ದೇಹದ ಪಕ್ವತೆಯನ್ನೇ ಹಂತಹಂತವಾಗಿ ಗುರುತಿಸಿದುದು ಈ ಕಾರಣದಿಂದಲೇ. ಮೊದಲು ಎಲುಬು ನೀಳವಾಗಿ, ಸ್ನಾಯುಬಲ ಕೆಲವು ತಿಂಗಳು ತಡವಾಗಿ ಹಿಂಬಾಲಿಸುವುದರಿಂದ, ನಿನ್ನೆ ಚುರುಕಾಗಿದ್ದವನು ಇಂದು ಕೈಕಾಲು ತೊಡರಿದವನಂತೆ ತೋರುವುದೂ ಉಂಟು.

ಈಗ ಪ್ರಚಲಿತವಾಗಿರುವ ಶಾಲಾ ದೇಹದಾರ್ಢ್ಯ ಪರೀಕ್ಷೆಯಲ್ಲಿ 50 ಮೀಟರ್ ಓಟ, 600 ಮೀಟರ್ ಓಟ, ದಂಡ, ಹೊಟ್ಟೆಯ ಕಸರತ್ತು, ಬಾಗುವಿಕೆ, ಎತ್ತರ ತೂಕಗಳ ಸೂಚ್ಯಂಕ ಇವೆಲ್ಲವೂ ಸೇರಿವೆ. ಪ್ರತಿ ಮಗುವಿನ ದೇಹವನ್ನೂ ಗಮನಿಸಬೇಕೆಂಬ ಅದರ ಉದ್ದೇಶ ಶ್ಲಾಘನೀಯವೇ. ಆದರೆ ಅಂಕವನ್ನು ಪಕ್ವತೆಗಲ್ಲದೆ ವಯಸ್ಸಿಗೆ ತೂಗುವುದರಿಂದ ಬೇಗ ಮಾಗಿದವನು ಪ್ರತಿಭಾವಂತನೆನಿಸಿ, ತಡವಾಗಿ ಮಾಗುವವನು ದುರ್ಬಲನೆನಿಸುವನು. ಕಾಲವು ಕೊಟ್ಟುದನ್ನು ಸಾಧನೆಯೆಂದೂ, ಕಾಲವಿನ್ನೂ ಕೊಡದುದನ್ನು ದೋಷವೆಂದೂ ಬರೆದಂತಾಯಿತು.

ಇದಕ್ಕಿಂತ ದೊಡ್ಡ ಲೋಪವೆಂದರೆ ದಿನಚರಿಯ ಶ್ರಮಕ್ಕೆ ಅಲ್ಲಿ ಕಲಮೇ ಇಲ್ಲದಿರುವುದು. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಲನೆ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ ನಡಿಗೆ, ಸೈಕಲು, ಮನೆಗೆಲಸಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮುಂಜಾನೆ ಕಬ್ಬಿನ ಗದ್ದೆಗೆ ನೀರು ತಿರುವಿ, ಹುಲ್ಲಿನ ಹೊರೆ ಹೊತ್ತು ತಂದು, ಸೈಕಲು ತುಳಿದು ಶಾಲೆ ಸೇರುವವನು ಸೀಟಿಗೆ ಮುನ್ನವೇ ಅರ್ಧ ದಿನದ ವ್ಯಾಯಾಮ ಮುಗಿಸಿರುತ್ತಾನೆ. ಹಾಗೆಂದು ಹೊರೆಯನ್ನು ಹಾಡಿಹೊಗಳುವುದೂ ಸಲ್ಲದು. ದಣಿವು ಬೇರೆ, ಪಳಗುವಿಕೆ ಬೇರೆ. ಮೇಲಾಗಿ ಅಪ್ಪನ ಬೈಕೂ ಕೈಯೊಳಗಿನ ಮೊಬೈಲೂ ಆ ದಿನಚರಿಯನ್ನೇ ಸವೆಸುತ್ತಿವೆ.

ದೇಹವನ್ನು ಅಳೆಯುವ ವಿಷಯದಲ್ಲಿ ಮೈಸೂರು ಸೀಮೆಯ ಗರಡಿಯವರು ನಮಗಿಂತ ಸೂಕ್ಷ್ಮಜ್ಞರು. ದಸರಾ ಕುಸ್ತಿಗೆ ಮುನ್ನ ಪೈಲ್ವಾನರಿಗೆ ಜೋಡಿ ಕಟ್ಟುವ ಪದ್ಧತಿಯುಂಟು. ಹಿರಿಯ ಉಸ್ತಾದರು ಮೈಕಟ್ಟು, ತೂಕ, ಪಳಗಿಕೆಗಳನ್ನು ನೋಡಿ ಸರಿಜೋಡಿ ಹುಡುಕುವರು. ಗರಡಿಯಲ್ಲಿಯೂ ದೋಷಗಳಿದ್ದವು: ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿತ್ತು, ಸಣಕಲು ಮೈಯವನಿಗೆ ಹಾಸ್ಯ ತಪ್ಪುತ್ತಿರಲಿಲ್ಲ. ಆದರೂ ಮಟ್ಟಿಯ ಕಣಕ್ಕೆ ಇಳಿಯುವ ಮೊದಲು ದೇಹವನ್ನು ದೇಹದೊಡನೆ ತೂಗಿ ನೋಡುವ ವಿವೇಕ ಅಲ್ಲಿತ್ತು.

ಶಾಲೆಗೆ ಆ ಕಣ್ಣು ಬರಲು ವೆಚ್ಚವೇನೂ ಬೇಡ. ಆರು ತಿಂಗಳಿಗೊಮ್ಮೆ ಗೋಡೆಯ ಮೇಲೆ ಎತ್ತರದ ಗೆರೆಯೆಳೆದು, ಹುಡುಗನ ಈ ಓಟವನ್ನು ಅವನದೇ ಹಿಂದಿನ ಓಟದೊಡನೆ ಜೋಡಿ ಕಟ್ಟಿದರೆ ಸಾಕು. ಹಾಗಾದರೆ ಸಾಲಿನ ತುದಿಯ ಎಳೆದನಿಯವನು ಸೋತವನೆನಿಸಿ ಮೈದಾನ ಬಿಡದೆ, ತನ್ನ ಸರದಿ ಬರುವವರೆಗೂ ಅಲ್ಲಿಯೇ ಓಡುತ್ತಿರುವನು.