ಕಬ್ಬಿಣಕ್ಕೂ ಮೊದಲಿನ ಕುಣಿತ

ಕಬ್ಬಿಣ ಕುಟ್ಟಿದಂಥ ಇಂಡಸ್ಟ್ರಿಯಲ್ ಸದ್ದಿಗೆ ಹೆಸರಾದ ಮಿನಿಸ್ಟ್ರಿ ತಂಡದ ಕಟ್ಟಾ ಅಭಿಮಾನಿಗಳ ಮುಂದೆ ‘ವಿತ್ ಸಿಂಪಥಿ’ ಹೆಸರೆತ್ತಿ ನೋಡಿ. ಮದುವೆ ಮನೆಯಲ್ಲಿ ಗಂಡಿನ ಹಳೇ ಪ್ರೇಮದ ಮಾತು ತೆಗೆದ ಹಾಗೆ ಎಲ್ಲರೂ ನೆಲ ನೋಡುತ್ತಾರೆ. 1983ರ ಈ ಚೊಚ್ಚಲ ಆಲ್ಬಮ್ಮಿನಲ್ಲಿ ಕಬ್ಬಿಣವೂ ಇಲ್ಲ, ಕಿಡಿಯೂ ಇಲ್ಲ. ನುಣ್ಣನೆಯ ಸಿಂಥಸೈಜರ್, ಕಾಲು ಕುಣಿಸುವ ತಾಳ, ಮೇಲೆ ಆಲ್ ಜೋರ್ಗೆನ್ಸನ್‌ನ ಬ್ರಿಟಿಷ್ ಉಚ್ಚಾರಣೆ. ಹುಟ್ಟಿದ್ದು ಹವಾನಾದಲ್ಲಿ, ತಂಡ ಕಟ್ಟಿದ್ದು ಶಿಕಾಗೊದಲ್ಲಿ, ಹಾಡಲು ನಿಂತರೆ ಮಾತ್ರ ಲಂಡನ್ನಿನವ!

ಇದೆಲ್ಲ ಅರಿಸ್ಟಾ ರೆಕಾರ್ಡ್ ಕಂಪನಿಯ ಒತ್ತಾಯ ಎಂದು ಆತ ಆಮೇಲೆ ದೂರಿದ್ದುಂಟು. ನಾನು ಅರ್ಧ ಮಾತ್ರ ನಂಬುತ್ತೇನೆ. ಅರಿಸ್ಟಾ ಬರುವ ಮುಂಚೆ ವ್ಯಾಕ್ಸ್ ಟ್ರ್ಯಾಕ್ಸ್ ಹೊರತಂದಿದ್ದ ‘ಕೋಲ್ಡ್ ಲೈಫ್’ ಕೇಳಿ. ಅದೂ ಕುಣಿತದ ಹಾಡೇ. ಜಿಮ್ ನ್ಯಾಶ್ ಮತ್ತು ಡ್ಯಾನಿ ಫ್ಲೆಶರ್ ಡೆನ್ವರ್‌ನಿಂದ 1978ರಲ್ಲಿ ಶಿಕಾಗೊಗೆ ತಂದ ರೆಕಾರ್ಡ್ ಅಂಗಡಿ ಈ ವ್ಯಾಕ್ಸ್ ಟ್ರ್ಯಾಕ್ಸ್. ಅಂಗಡಿಯೇ ಮುಂದೆ ಲೇಬಲ್ ಆಯಿತು, ಬೆಲ್ಜಿಯಂನ ಫ್ರಂಟ್ 242ರಂಥ ಕಠೋರ ಯಂತ್ರಸಂಗೀತವನ್ನು ಅಮೆರಿಕಕ್ಕೆ ಮುಟ್ಟಿಸಿತು. ಅಂದರೆ ಇಂಡಸ್ಟ್ರಿಯಲ್ ಎಂದು ನಾವು ಕರೆಯುವ ಸದ್ದು ಮಿನಿಸ್ಟ್ರಿಯೊಳಗೆ ಬಂದದ್ದು ಗಿಟಾರಿನ ಬಾಗಿಲಿನಿಂದಲ್ಲ, ನೃತ್ಯದ ಕ್ಲಬ್ಬಿನ ಬಾಗಿಲಿನಿಂದ.

ಆ ಕುಣಿತಕ್ಕೂ ಮುಂದಿನ ಕಬ್ಬಿಣಕ್ಕೂ ನಡುವಿನ ಕೊಂಡಿ 1986ರ ‘ಟ್ವಿಚ್’. ಅದನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ; ನನಗೆ ಅದೇ ಪ್ರೀತಿ. ಜೊತೆಗೂಡಿ ನಿರ್ಮಿಸಿದವರು ಇಂಗ್ಲೆಂಡಿನ ಏಡ್ರಿಯನ್ ಶೆರ್ವುಡ್. ಡಬ್ ಸಂಗೀತದಲ್ಲಿ ಪಳಗಿದ ಅವರಿಗೆ ಮಿಕ್ಸಿಂಗ್ ಮೇಜೇ ವಾದ್ಯ: ಡ್ರಮ್ಮನ್ನು ಥಟ್ಟನೆ ಮಾಯ ಮಾಡುವುದು, ಒಂದು ಏಟನ್ನು ಪ್ರತಿಧ್ವನಿಯಲ್ಲಿ ಮುಳುಗಿಸಿ ಮೇಲೆತ್ತುವುದು. ಆಲ್ಬಮ್ಮಿಗೆ ಅಲ್ಲಲ್ಲಿ ಹಸಿ ವಾಸನೆ ಇದೆ, ನಿಜ. ಆದರೆ ಸದ್ದನ್ನು ಕತ್ತರಿಸಿ ಜೋಡಿಸುವ ಕಸುಬು ಜೋರ್ಗೆನ್ಸನ್‌ಗೆ ಕೈಹತ್ತಿದ್ದು ಇಲ್ಲೇ.

ಅಷ್ಟರಲ್ಲಿ ಸಿಯಾಟಲ್‌ನ ಬ್ಲ್ಯಾಕ್‌ಔಟ್ಸ್ ತಂಡದಿಂದ ಪಾಲ್ ಬಾರ್ಕರ್ ಮತ್ತು ಡ್ರಮ್ಮರ್ ವಿಲಿಯಂ ರೀಫ್ಲಿನ್ ಬಂದು ಸೇರಿಕೊಂಡರು. 1988ರಲ್ಲಿ ‘ದಿ ಲ್ಯಾಂಡ್ ಆಫ್ ರೇಪ್ ಆ್ಯಂಡ್ ಹನಿ’ ಸಿಡಿಯಿತು. ಹೆಸರು ಕೇಳಿ ಬೆಚ್ಚಬೇಡಿ: ಕೆನಡಾದ ಸಸ್ಕಾಚೆವನ್‌ನ ಟಿಸ್‌ಡೇಲ್ ಊರು 2016ರವರೆಗೂ ಮೆರೆಸಿದ ಹೆಮ್ಮೆಯ ಘೋಷವಾಕ್ಯ ಅದು, ನೆನಪಿನ ಕಾಣಿಕೆಯಾಗಿ ಮಾರುತ್ತಿದ್ದ ಮಗ್ಗಿನ ಮೇಲೆ ಅಚ್ಚಾಗಿತ್ತು. ‘ರೇಪ್’ ಅಂದರೆ ಅಲ್ಲಿ ಸಾಸಿವೆಯ ದಾಯಾದಿಯಾದ ಎಣ್ಣೆಬೀಜದ ಬೆಳೆ. ಹಳದಿ ಹೊಲ ಮತ್ತು ಜೇನಿನ ಊರು ಎಂಬ ಅರ್ಥ, ಅಷ್ಟೇ. ಸಾಧು ರೈತರ ಮಾತನ್ನು ಎತ್ತಿಕೊಂಡು ಅದರೊಳಗಿನ ಕ್ರೌರ್ಯವನ್ನು ಮೇಲೆ ತಂದದ್ದೂ ಒಂದು ಕತ್ತರಿ ಕೆಲಸವೇ.

ಮೊದಲ ಹಾಡು ‘ಸ್ಟಿಗ್ಮಾಟಾ’ ಕೇಳಿದವರು ಗಿಟಾರನ್ನು ಹೊಗಳುತ್ತಾರೆ. ಅಲ್ಲಿ ಕೇಳುವುದು ಗಿಟಾರಿನ ಸ್ಯಾಂಪಲ್. ಒಂದು ತುಣುಕನ್ನು ಯಂತ್ರದಲ್ಲಿ ಹಿಡಿದಿಟ್ಟು ಮತ್ತೆ ಮತ್ತೆ ಮೊಳಗಿಸಿದ್ದು. ಕೈಯಿಂದ ನುಡಿಸಿದರೆ ಒಂದು ಮೀಟಿನಂತೆ ಇನ್ನೊಂದು ಇರುವುದಿಲ್ಲ. ಬೆರಳು ದಣಿಯುತ್ತದೆ, ತಂತಿ ಒಂದು ಕೂದಲೆಳೆ ಜಾರುತ್ತದೆ. ಇಲ್ಲಿ ಪ್ರತಿ ಏಟೂ ಅಚ್ಚು ಹೊಡೆದ ಹಾಗೆ ಒಂದೇ ತೂಕ. ಆ ಕರುಣೆಯಿಲ್ಲದ ಸಮತೆಗೇ ಕಿವಿ ನಡುಗುವುದು. ಕೆಳಗೆ ನಡೆಯುವ ತಾಳ ಮಾತ್ರ ಕ್ಲಬ್ಬಿನದೇ. ಇನ್ನು ಕಂಠ: ಬ್ರಿಟಿಷ್ ಸೋಗು ಹೋಗಿದೆ, ಆದರೆ ಶಿಕಾಗೊದ್ದೂ ಬಂದಿಲ್ಲ, ಡಿಸ್ಟಾರ್ಷನ್ನಿನಲ್ಲಿ ಅರೆದು ಹಾಕಿದ್ದಾರೆ. ಮುಖವಾಡ ಬದಲಾಗಿದೆ, ಕಳಚಿಲ್ಲ.

1989ರಲ್ಲಿ ‘ದಿ ಮೈಂಡ್ ಈಸ್ ಎ ಟೆರಿಬಲ್ ಥಿಂಗ್ ಟು ಟೇಸ್ಟ್’ ಬಂದ ಮೇಲೆ ತಂಡ ಪ್ರವಾಸ ಹೊರಟಿತು. ವೇದಿಕೆಗೂ ಜನಕ್ಕೂ ನಡುವೆ ತಂತಿಬೇಲಿ. ರೀಫ್ಲಿನ್ ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮರ್, ಮಾರ್ಟಿನ್ ಆಟ್ಕಿನ್ಸ್. ಗಿಟಾರಿಗೆ ಟೆಕ್ಸಾಸ್‌ನ ಥ್ರ್ಯಾಶ್ ತಂಡ ರಿಗರ್ ಮಾರ್ಟಿಸ್‌ನ ಮೈಕ್ ಸ್ಕಾಸಿಯಾ. ಯಂತ್ರ ಮಾಡಿದ ಕೆಲಸವನ್ನು ಮನುಷ್ಯರು ಮೈಮುರಿದು ಮಾಡಬೇಕಾದ ಹೊತ್ತು ಅದು. 1990ರ ಫೆಬ್ರವರಿಯಲ್ಲಿ ಇಂಡಿಯಾನಾದ ಮೆರಿಲ್‌ವಿಲ್‌ನಲ್ಲಿ ಮುದ್ರಿಸಿಕೊಂಡ ಲೈವ್ ಆಲ್ಬಮ್ಮಿನಲ್ಲಿ ‘ದಿ ಮಿಸ್ಸಿಂಗ್’ ಇದೆ. 1988ರ ಆಲ್ಬಮ್ಮಿನಲ್ಲೂ ಇದೆ. ಒಂದರ ಬೆನ್ನಿಗೆ ಇನ್ನೊಂದನ್ನು ಹಾಕಿ, ಲೈವ್ ಹಾಡಿನಲ್ಲಿ ಬೆವರು ಕೇಳಿಸುತ್ತದೆ. ಆಮೇಲೆ ಮನೆಯಲ್ಲಿ ಯಾರೂ ಇಲ್ಲದಾಗ ‘ವಿತ್ ಸಿಂಪಥಿ’ ಹಾಕಿಕೊಂಡು ನಾಲ್ಕು ಹೆಜ್ಜೆ ಕುಣಿಯಿರಿ. ನಾನಂತೂ ಕುಣಿದಿದ್ದೇನೆ.