ನಾಲ್ಕು ಮಂದಿಗೆ ಅರ್ಧ ಕಿಲೋ

ನಮ್ಮ ಪತ್ರಿಕೆಗಳ ಅಡುಗೆ ಅಂಕಣಗಳಲ್ಲಿ 'ನಾಲ್ಕು ಮಂದಿಗೆ ಅರ್ಧ ಕಿಲೋ ಮಟನ್' ಎಂದು ಬರೆಯುವುದು ರೂಢಿ. ಅಂದರೆ ತಲೆಗೆ 125 ಗ್ರಾಂ. ಈ ಲೆಕ್ಕ ಅಂಗಡಿಯ ತಕ್ಕಡಿಗೆ ಸರಿ, ಊಟದ ತಟ್ಟೆಗಲ್ಲ. ಅದರಲ್ಲಿ ಸುಮಾರು ಕಾಲು ಭಾಗ ಎಲುಬು. ಉಳಿದ ಮಾಂಸವೂ ಬೆಂದಾಗ ಕಾಲು ಭಾಗದಷ್ಟು ತೂಕ ಕಳೆದುಕೊಳ್ಳುತ್ತದೆ. ಕೊನೆಗೆ ಒಬ್ಬರಿಗೆ ದಕ್ಕುವುದು 70 ಗ್ರಾಂ ಆಸುಪಾಸು. ಒಂದು ಹೊತ್ತಿಗೆ ಅದೇನೂ ಕಡಿಮೆಯಲ್ಲ.

ಆದರೆ ದಕ್ಕುವುದು ಯಾರಿಗೆ? ಮಸಾಲೆಯನ್ನು ಚಮಚದಲ್ಲಿ ಅಳೆದು ಹೇಳುವ ಅಂಕಣಕಾರರು ಬಡಿಸುವ ಹೊತ್ತಿಗೆ ಮೌನವಾಗುತ್ತಾರೆ. ಅನೇಕ ಮನೆಗಳಲ್ಲಿ ಗಂಡಸರಿಗೆ ಮೊದಲು, ಮಕ್ಕಳಿಗೆ ಆಮೇಲೆ; ಅಷ್ಟರಲ್ಲಿ ನೆಂಟರೊಬ್ಬರು ಬಂದರೆ ಒಳ್ಳೆಯ ತುಂಡು ಅವರಿಗೆ. ಅಡುಗೆ ಮಾಡಿದವಳಿಗೆ ಪಾತ್ರೆಯ ತಳದ ಸಾರು, ಒಂದು ಆಲೂಗಡ್ಡೆ. 'ನನಗೆ ಸಾರೇ ಇಷ್ಟ' ಎಂದು ಅವಳೇ ಹೇಳುವುದುಂಟು. ಆ ಇಷ್ಟ ಗಂಡಸರಿಗೆ ಮಾತ್ರ ಯಾಕೆ ಹುಟ್ಟುವುದಿಲ್ಲವೋ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು, ಅದೇ ವಯಸ್ಸಿನ ಪುರುಷರಲ್ಲಿ 25 ಮಂದಿಗೆ. ಇದಕ್ಕೆ ಕಾರಣಗಳು ಹಲವು, ಮುಟ್ಟು ಹೆರಿಗೆಗಳೂ ಸೇರಿ. ಆದರೆ ಮಾಂಸದ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವಂಥದ್ದು. ಅದು ಹೆಚ್ಚು ಬೇಕಾದವಳಿಗೇ ತಪ್ಪಿಹೋಗುತ್ತಿದೆ.

ಮಾಂಸ ಹೆಚ್ಚು ಕೊಂಡರೆ ಇದು ಸರಿಹೋಗದು. ಮುಕ್ಕಾಲು ಕಿಲೋ ತಂದರೂ ಹೆಚ್ಚುವರಿ ತುಂಡುಗಳು ಹೋಗುವುದು ಮೊದಲ ಪಂಕ್ತಿಗೇ. ಅಡುಗೆ ಅಂಕಣದ ಕೊನೆಗೆ ಒಂದು ಸಾಲು ಸೇರಲಿ: ಒಲೆಯಿಂದ ಇಳಿಸಿದೊಡನೆ ತುಂಡುಗಳನ್ನು ಎಣಿಸಿ, ಅಡುಗೆ ಮಾಡಿದವಳ ಪಾಲನ್ನು ಮೊದಲು ತೆಗೆದಿಡಿ.